ಅರ್ಧ ಕ್ಲಚ್ಚಿನ ಗುಣದೋಷ

ಮಳಖೇಡದಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳ ಕಡೆಗೆ ಕವಲೊಡೆಯುವ ರಸ್ತೆಗಳಲ್ಲಿ ಕಾರಿನ ಚಾಲಕನು ಗಂಟೆಗೆ 15 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಸಾಗಬೇಕಾದ ಪ್ರಸಂಗಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಸಿಮೆಂಟ್ ಕಾರ್ಖಾನೆಗಳ ಗೇಟಿನ ಮುಂದೆ ಪಾಳಿಗೆ ನಿಂತ ಲಾರಿಗಳು, ಪುಡಿ ಸಿಮೆಂಟನ್ನು ತುಂಬಿಕೊಂಡು ತೆವಳುವ ಬಲ್ಕರುಗಳು, ಪರಸಿ ಕಲ್ಲು ಹೇರಿದ ಟ್ರ್ಯಾಕ್ಟರುಗಳು, ತೊಗರಿ ರಾಶಿಯ ಕಾಲದಲ್ಲಿ ಅಡತಿಯ ದಾರಿ ಹಿಡಿದ ಗಾಡಿಗಳ ಸಾಲು, ಆಷಾಢ ಬಹುಳ ಪಂಚಮಿಯ ಆರಾಧನೆಗೆಂದು ಕಾಗಿಣಾ ದಂಡೆಯ ಜಯತೀರ್ಥರ ವೃಂದಾವನಕ್ಕೆ ಬರುವ ಜನ, ಇವೆಲ್ಲವುಗಳ ಹಿಂದೆ ಕಾರು ಮನುಷ್ಯನ ನಡಿಗೆಯ ವೇಗದಲ್ಲೇ ಚಲಿಸಬೇಕು. ಇಂಥ ಚಲನೆಗೆ ಈ ಭಾಗದಲ್ಲಿ ರೂಢಿಯಾಗಿರುವ ಉಪಾಯವೇ ಹಾಫ್ ಕ್ಲಚ್, ಅಂದರೆ ಕ್ಲಚ್ ಪೆಡಲನ್ನು ಪೂರ್ತಿ ತುಳಿಯದೆ, ಪೂರ್ತಿ ಬಿಡದೆ, ನಡುವೆ ಹಿಡಿದುಕೊಂಡು ಗಾಡಿಯನ್ನು ಮುಂದೆ ಸರಿಸುವ ಪದ್ಧತಿ. ಅದು ಎಲ್ಲಿಯವರೆಗೆ ಕೌಶಲ, ಎಲ್ಲಿಂದ ಮುಂದೆ ಬರಿಯ ಚಟ ಎಂಬುದು ಇಲ್ಲಿ ವಿಚಾರಿಸಬೇಕಾದ ಸಂಗತಿ.

ಎಂಜಿನ್ನಿನ ತುದಿಯಲ್ಲಿ ಅದರೊಂದಿಗೇ ತಿರುಗುವ ಭಾರವಾದ ಚಕ್ರಕ್ಕೆ ಫ್ಲೈವೀಲ್ ಎಂದು ಹೆಸರು. ಅದಕ್ಕೆ ಎದುರಾಗಿ, ಗೇರ್ ಪೆಟ್ಟಿಗೆಯ ದಂಡಕ್ಕೆ ಕೂಡಿಕೊಂಡಂತೆ, ಎರಡೂ ಮೈಗೆ ಘರ್ಷಣೆಯ ಪಟ್ಟಿ ಅಂಟಿಸಿದ ಕ್ಲಚ್ ಪ್ಲೇಟು ಇರುತ್ತದೆ. ಪೆಡಲನ್ನು ಬಿಟ್ಟಿರುವಾಗ ಸ್ಪ್ರಿಂಗಿನ ಬಲವು ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವುದರಿಂದ ಎರಡೂ ಒಂದೇ ವೇಗದಲ್ಲಿ ತಿರುಗುತ್ತವೆ. ತುಳಿದಾಗ ಅವು ಬೇರೆಯಾಗಿ, ಎಂಜಿನ್ ತನ್ನಷ್ಟಕ್ಕೆ ಓಡುತ್ತಿದ್ದರೂ ಚಕ್ರಗಳಿಗೆ ಶಕ್ತಿ ತಲುಪುವುದಿಲ್ಲ. ಈ ಎರಡು ಸ್ಥಿತಿಗಳ ನಡುವೆ ಪ್ಲೇಟು ಜಾರುತ್ತಲೇ ಎಳೆಯುವ ಒಂದು ಸಣ್ಣ ಅಂತರವಿದೆ, ಮತ್ತು ನಿಂತ ಗಾಡಿ ಝಟಕಾ ಹೊಡೆಯದೆ ಹೊರಡುವುದು ಸಾಧ್ಯವಾಗುವುದು ಈ ಜಾರುವಿಕೆಯಿಂದಲೇ. ಆದರೆ ಜಾರುವ ಪ್ರತಿ ಕ್ಷಣವೂ ಘರ್ಷಣೆಯ ಪಟ್ಟಿ ಸವೆಯುತ್ತದೆ, ಶಾಖ ಹುಟ್ಟುತ್ತದೆ. ಕಾರು ಇನ್ನೂ ನಿಂತಿರುವಾಗ ಎಂಜಿನ್ ನಿಮಿಷಕ್ಕೆ 800 ಸುತ್ತುಗಳ ಬದಲು 2,000 ಸುತ್ತು ತಿರುಗುತ್ತಿದ್ದರೆ, ಅದೇ ಎಳೆತಕ್ಕೆ ಎರಡೂವರೆ ಪಟ್ಟು ಶಾಖ ಉಂಟಾಗುತ್ತದೆ.

ಈ ಪದ್ಧತಿಯನ್ನು ತೂಗುವ ಮಾನದಂಡವನ್ನು ಸರಳ ಲೆಕ್ಕದಿಂದಲೇ ಪಡೆಯಬಹುದು. ಸಾಮಾನ್ಯ ಸಣ್ಣ ಕಾರಿನಲ್ಲಿ ಮೊದಲ ಗೇರಿನಲ್ಲಿ ಎಂಜಿನ್ ಸುಮಾರು 14 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ, ಟೈರಿನ ಸುತ್ತಳತೆ ಸುಮಾರು 1.8 ಮೀಟರ್ ಇರುತ್ತದೆ. ಆದ್ದರಿಂದ ರೇಸ್ ಕೊಡದೆ, ಎಂಜಿನ್ ತನ್ನ ಸಹಜವಾದ 800 ಸುತ್ತುಗಳಲ್ಲೇ ಇರುವಾಗ, ಕ್ಲಚ್ಚನ್ನು ಪೂರ್ತಿ ಬಿಟ್ಟರೂ ಗಾಡಿ ಗಂಟೆಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ, ಅಂದರೆ ಚುರುಕಾಗಿ ನಡೆಯುವವನ ಜೊತೆಜೊತೆಗೆ, ಸಾಗುತ್ತದೆ. ಎರಡನೆಯ ಗೇರಿನಲ್ಲಿ ಈ ವೇಗ ಸುಮಾರು 10 ಅಥವಾ 11 ಕಿಲೋಮೀಟರ್. ಹಾಗಾದರೆ 6 ಕಿಲೋಮೀಟರಿಗಿಂತ ಕೆಳಗಿನ ವೇಗದಲ್ಲಿ ಪ್ಲೇಟು ಜಾರುವುದು ಅನಿವಾರ್ಯ, ಅದಕ್ಕಿಂತ ಮೇಲೆ ಜಾರಿಸುವುದು ಅನಗತ್ಯ. ಬಲ್ಕರಿನ ಹಿಂದೆ 8 ಕಿಲೋಮೀಟರ್ ವೇಗದಲ್ಲಿ ಹೋಗುತ್ತಲೂ ಎಡಗಾಲನ್ನು ಪೆಡಲಿನ ಮೇಲಿಂದ ತೆಗೆಯದ ಚಾಲಕನು ಪಕ್ಕದಲ್ಲಿ ಕುಳಿತವರಿಗೆ ನಯವಾಗಿ ನಡೆಸುತ್ತಿರುವಂತೆ ಕಂಡರೂ, ಆ ನಯದ ಬೆಲೆಯನ್ನು ತೆರುವುದು ಕ್ಲಚ್ ಪ್ಲೇಟು, ಮುಂದೊಂದು ದಿನ ಗಾಡಿಯ ಮಾಲೀಕ.

ಈ ಚಟದ ಮೂಲವನ್ನು ಕಲಿಕೆಯ ಪರಂಪರೆಯಲ್ಲೇ ಹುಡುಕಬೇಕಾಗುತ್ತದೆ. ಭಾರತದ ರಸ್ತೆಗಳಿಗೆ 1983ರಲ್ಲಿ ಬಂದ ಮಾರುತಿ 800 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರ್ ಇತ್ತು. ಭಾರ ಬಿದ್ದೊಡನೆ ಇಂಧನವನ್ನು ತಾನಾಗಿ ಹೆಚ್ಚಿಸಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲವಾದ್ದರಿಂದ, ರೇಸ್ ಕೊಡದೆ ಕ್ಲಚ್ ಬಿಟ್ಟರೆ ಗಾಡಿ ಬಂದ್ ಬೀಳುತ್ತಿತ್ತು. ಹಾಗಾಗಿ ಮೊದಲು ರೇಸ್, ಆಮೇಲೆ ಕ್ಲಚ್ ಎಂಬ ಪಾಠ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಡೀಸೆಲ್ ಎಂಜಿನ್ನಿನಲ್ಲಿ ಮಾತ್ರ ಗವರ್ನರ್ ಎಂಬ ನಿಯಂತ್ರಕವು ಸುತ್ತು ಕುಸಿಯುವ ಸೂಚನೆ ಸಿಕ್ಕೊಡನೆ ಇಂಧನವನ್ನು ಹೆಚ್ಚಿಸುವುದರಿಂದ, ಟ್ರ್ಯಾಕ್ಟರು, ಜೀಪು ಮತ್ತು ಹಳ್ಳಿಹಳ್ಳಿಗೂ ಜನರನ್ನು ಒಯ್ಯುವ ಕ್ರೂಸರುಗಳಲ್ಲಿ ಪಳಗಿದವರು ಬಲಗಾಲನ್ನು ನೆಲಕ್ಕೇ ಬಿಟ್ಟು, ಕ್ಲಚ್ಚನ್ನು ಬೆರಳು ಬೆರಳಾಗಿ ಬಿಡುತ್ತ ಗಾಡಿಯನ್ನು ಎತ್ತುತ್ತಾರೆ. ಹೊಲದ ಬದುವಿನ ಪಕ್ಕದಲ್ಲಿ ರಾಶಿ ಮಾಡುವ ಕೂಲಿಗಳ ನಡುವೆ ಟ್ರ್ಯಾಕ್ಟರನ್ನು ಗೇಣುಗೇಣಾಗಿ ಸರಿಸುವ ಯುವಕನ ಪಾದವನ್ನು ಗಮನಿಸಿದರೆ, ನಿಧಾನಗತಿಯ ಚಾಲನೆಯಲ್ಲಿ ಈ ಸೀಮೆಗೆ ಸಿಕ್ಕಿರುವ ಅತ್ಯುತ್ತಮ ಶಿಕ್ಷಣ ಎಲ್ಲಿದೆಯೆಂಬುದು ತಿಳಿಯುತ್ತದೆ. ಇಂದಿನ ಪೆಟ್ರೋಲ್ ಕಾರುಗಳಲ್ಲೂ ಎಂಜಿನ್ನಿನ ಸುತ್ತನ್ನು ಕಾಯುವ ಕಂಪ್ಯೂಟರ್ ಇರುವುದರಿಂದ, ಸಮತಟ್ಟಾದ ನೆಲದಲ್ಲಿ ತಾಳ್ಮೆಯಿದ್ದರೆ ಅವೂ ರೇಸ್ ಇಲ್ಲದೆ ಹೊರಡುತ್ತವೆ. ಆದರೂ ಕಾರ್ಬುರೇಟರ್ ಕಾಲದ ಪಾಠವೇ ಉಸ್ತಾದರಿಂದ ಶಿಷ್ಯರಿಗೆ ದಾಟುತ್ತ ಬಂದಿದೆ.

ಇದಕ್ಕೆ ವಿರುದ್ಧ ದಿಕ್ಕಿನ ದೋಷ ಎವರೇಜಿನ ಆಸೆಯಿಂದ ಹುಟ್ಟಿದ್ದು. ಒಂದು ಲೀಟರಿಗೆ ಗಾಡಿ ಎಷ್ಟು ದೂರ ಓಡುತ್ತದೆಂಬ ಲೆಕ್ಕಕ್ಕೆ ಈ ಭಾಗದಲ್ಲಿ ಬಳಕೆಯಲ್ಲಿರುವ ಹೆಸರೇ ಎವರೇಜು, ಮತ್ತು ಅದನ್ನು ಉಳಿಸುವ ನೆಪದಲ್ಲಿ ಮೂರನೆಯ ಗೇರಿನಲ್ಲೇ 12 ಕಿಲೋಮೀಟರಿಗೆ ಇಳಿಯುವ ಚಾಲಕರಿಗೆ ಕೊರತೆಯಿಲ್ಲ. ಆಗ ಎಂಜಿನ್ ನರಳುತ್ತದೆ, ಡ್ಯಾಶ್‌ಬೋರ್ಡು ಗಡಗಡ ನಡುಗುತ್ತದೆ, ಎಡಗಾಲು ಮತ್ತೆ ಕ್ಲಚ್ಚಿನ ಆಸರೆ ಹುಡುಕುತ್ತದೆ.

ಝಟಕೆಯ ಕಾರಣವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಗೇರಿನ ಹಲ್ಲುಗಳ ನಡುವೆ, ದಂಡಗಳ ಕೀಲುಗಳಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತದೆ. ಆಕ್ಸಿಲರೇಟರನ್ನು ಬಿಟ್ಟಾಗ ಹಲ್ಲಿನ ಒಂದು ಮಗ್ಗುಲು, ಒತ್ತಿದಾಗ ಇನ್ನೊಂದು ಮಗ್ಗುಲು ತಾಗುವುದರಿಂದ, ಬದಲಾವಣೆ ಥಟ್ಟನೆ ಆದರೆ ಆ ಸಡಿಲವೆಲ್ಲ ಒಂದು ಹೊಡೆತವಾಗಿ ಮೈಗೆ ತಟ್ಟುತ್ತದೆ. ಭಾರದ ಲಾರಿಗಳು ತುಳಿದು ತಗ್ಗು ಬಿದ್ದ ರಸ್ತೆಯಲ್ಲಿ ಇದು ಇಮ್ಮಡಿಸುತ್ತದೆ. ಗಾಡಿ ತಗ್ಗಿಗೆ ಇಳಿದೊಡನೆ ಚಾಲಕನ ದೇಹ ಮುಂದಕ್ಕೆ ವಾಲಿ ಪಾದ ಆಕ್ಸಿಲರೇಟರನ್ನು ಒತ್ತುತ್ತದೆ, ಗಾಡಿ ನೆಗೆಯುತ್ತದೆ, ದೇಹ ಹಿಂದಕ್ಕೆ ಬಿದ್ದು ಪಾದ ಮೇಲೇಳುತ್ತದೆ, ಗಾಡಿ ಮುಗ್ಗರಿಸುತ್ತದೆ, ಹೀಗೆ ಕಾರು ಮತ್ತು ಕಾಲು ಒಂದನ್ನೊಂದು ಕೆರಳಿಸುತ್ತ ಹೋಗುತ್ತವೆ. ಹಿಮ್ಮಡಿಯನ್ನು ನೆಲಕ್ಕೆ ಊರಿ ಬೆರಳುಗಳಿಂದಷ್ಟೇ ಒತ್ತುವುದು, ಝಟಕೆ ಶುರುವಾದರೆ ಕ್ಲಚ್ಚನ್ನು ಒಮ್ಮೆ ಪೂರ್ತಿ ತುಳಿದು ಸುತ್ತು ಮುರಿಯುವುದು, ಇವೆರಡೂ ಹಾಫ್ ಕ್ಲಚ್ಚಿಗಿಂತ ಪ್ರಯೋಜನಕಾರಿ. ಸೀಟನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರೆ ಅರ್ಧ ತೊಂದರೆ ತೀರುತ್ತದೆಯಾದರೂ, ಒರಗಿ ಕುಳಿತು ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿಯುವ ಠೀವಿಯನ್ನು ಬಿಡಲು ಯಾರೂ ಸಿದ್ಧರಿರುವುದಿಲ್ಲ.

ಮಾನ್ಯಖೇಟವಾಗಿದ್ದ ಈ ಮಳಖೇಡದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡ ಕವಿರಾಜಮಾರ್ಗವು ತನ್ನ ಮೊದಲ ಪರಿಚ್ಛೇದವನ್ನು ದೋಷಾದೋಷಗಳ ನಿರ್ಣಯಕ್ಕೇ ಮೀಸಲಿಟ್ಟಿದೆ. ಒಂದು ಪ್ರಯೋಗವನ್ನು ಅದರ ಸಂದರ್ಭದಿಂದ ಬಿಡಿಸಿ ತೂಗಬಾರದೆಂಬ ವಿವೇಕವನ್ನು ಕ್ಲಚ್ಚಿನ ಪ್ರಯೋಗಕ್ಕೂ ಅನ್ವಯಿಸಬಹುದು. ಮಳೆಗಾಲದಲ್ಲಿ ಎರಿ ಭೂಮಿಯ ಕೆಸರಿಗೆ ಇಳಿದ ಗಾಡಿಯನ್ನು ಮೊದಲ ಗೇರಿನಲ್ಲಿ ಎತ್ತಲು ಹೋದರೆ ಚಕ್ರ ಸುಮ್ಮನೆ ತಿರುಗಿ ಹೂತುಹೋಗುತ್ತದೆ. ಅಲ್ಲಿ ಎರಡನೆಯ ಗೇರು, ಕಡಿಮೆ ರೇಸು, ದೀರ್ಘವಾದ ಹಾಫ್ ಕ್ಲಚ್ ಇವೇ ಸರಿಯಾದ ಮಾರ್ಗ, ಪ್ಲೇಟು ಕೊಂಚ ಸವೆದರೂ ಅದು ದೋಷವಲ್ಲ. ವಾಡಿಯಿಂದ ಚಿತ್ತಾಪುರ, ಮಳಖೇಡ ರೋಡ್, ಸೇಡಂಗಳ ಮೂಲಕ ಸಿಕಂದರಾಬಾದಿಗೆ ಹೋಗುವ ಹಳಿಯನ್ನು ಗೇಟಿನಲ್ಲಿ ದಾಟುವಾಗ ಮಾತ್ರ ಹಾಫ್ ಕ್ಲಚ್ಚಿನಲ್ಲಿ ತೂಗಾಡುವುದು, ಹಳಿಯ ಮೇಲೆ ಗೇರ್ ಬದಲಿಸುವುದು ಅಕ್ಷಮ್ಯ. ಮೊದಲ ಗೇರಿನಲ್ಲಿ ಕ್ಲಚ್ಚನ್ನು ಪೂರ್ತಿ ಬಿಟ್ಟು ಒಂದೇ ಉಸಿರಿಗೆ ದಾಟಬೇಕು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಚಾಲನಾ ಪರೀಕ್ಷೆಯಲ್ಲಿ ಗಾಡಿಯನ್ನು ನಯವಾಗಿ ಹೊರಡಿಸುವುದನ್ನೂ, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಮತ್ತೆ ಎತ್ತುವುದನ್ನೂ ಅಭ್ಯರ್ಥಿ ತೋರಿಸಬೇಕೆಂದು ಹೇಳುತ್ತವೆ, ಲಘು ವಾಹನದ ತರಬೇತಿ ಶಾಲೆಗಳಿಗೆ ಕನಿಷ್ಠ 21 ದಿನಗಳ ಅವಧಿಯನ್ನೂ 10 ಗಂಟೆಗಳ ನಿಜವಾದ ಚಾಲನೆಯನ್ನೂ ಗೊತ್ತುಪಡಿಸಿವೆ. ಚಿಂಚೋಳಿಯ ಕಾಡಿನ ಕಡೆಯ ಏರಿಳಿತಗಳನ್ನು ಬಿಟ್ಟರೆ ಬಹುಮಟ್ಟಿಗೆ ಬಯಲಾದ ಈ ಸೀಮೆಯಲ್ಲಿ ಏರಿನ ಅಭ್ಯಾಸ ಸಹಜವಾಗಿಯೇ ಕಡಿಮೆ. ಅದರ ಫಲವನ್ನು ಮೇಲ್ಸೇತುವೆಯ ಏರಿನಲ್ಲಿ, ಹಿಂದೆ ಲಾರಿಯ ಬಂಪರ್ ಅಂಟಿಕೊಂಡು ನಿಂತಾಗ ಕಾಣಬಹುದು: ಹ್ಯಾಂಡ್‌ಬ್ರೇಕ್ ಇರುವುದನ್ನೇ ಮರೆತ ಚಾಲಕ, ರೇಸು ಮತ್ತು ಹಾಫ್ ಕ್ಲಚ್ಚಿನ ಬಲದಿಂದಲೇ ಗಾಡಿಯನ್ನು ಏರಿನಲ್ಲಿ ತಡೆದು ಹಿಡಿದಿರುತ್ತಾನೆ, ಕೆಲವೇ ಹೊತ್ತಿನಲ್ಲಿ ಸುಟ್ಟ ವಾಸನೆ ಒಳಗೆ ತುಂಬುತ್ತದೆ.

2014ರಲ್ಲಿ ಮಾರುತಿ ಸೆಲೆರಿಯೊ ಮೂಲಕ ಅಗ್ಗದ ಕಾರುಗಳಿಗೂ ಬಂದ ಎಎಂಟಿ ವ್ಯವಸ್ಥೆಯು ಈ ಪ್ರಶ್ನೆಯನ್ನೇ ಇಲ್ಲವಾಗಿಸಿತೆಂದು ಭಾವಿಸುವವರಿದ್ದಾರೆ. ಆದರೆ ಅದರೊಳಗೂ ಇರುವುದು ಅದೇ ಘರ್ಷಣೆಯ ಪ್ಲೇಟು. ಎಡಗಾಲಿನ ಕೆಲಸವನ್ನು ಯಂತ್ರ ವಹಿಸಿಕೊಂಡಿದೆ, ಅಷ್ಟೇ. ಪೆಡಲು ಎರಡೇ ಇದ್ದರೂ ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರಿನಿಂದಲೇ ಗಾಡಿಯನ್ನು ನಿಲ್ಲಿಸಿಕೊಂಡವನ ಕಾರಿನಲ್ಲಿ ಆ ಪ್ಲೇಟು, ಅವನಿಗೆ ಗೊತ್ತೇ ಆಗದಂತೆ, ಜಾರುತ್ತಲೇ ಇರುತ್ತದೆ.