ಶ್ರೀರಂಗಪಟ್ಟಣದ ವಿಜಯಪದಕ: ಅದರ ಲೇಖದ ಅರ್ಥವಿಚಾರ

ಯುದ್ಧಪದಕಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಲೋಹ, ತೂಕ, ಟಂಕಶಾಲೆ ಇವುಗಳನ್ನು ವಿಚಾರಿಸಿ ಅಲ್ಲಿಗೆ ನಿಲ್ಲುವರು. ಇವು ಅವಶ್ಯವಾದ ವಿಚಾರಗಳೇ ಸರಿ. ಆದರೆ ಲೇಖವುಳ್ಳ ಪದಕವು ಶಾಸನದಂತೆ ಓದತಕ್ಕ ವಸ್ತುವೂ ಆಗಿರುವುದು. ಇದಕ್ಕೆ ನಿದರ್ಶನವಾಗಿ 1799ರ ಶ್ರೀರಂಗಪಟ್ಟಣದ ವಿಜಯದ ಪದಕವನ್ನು ಪರಿಶೀಲಿಸೋಣ.

ಈಸ್ಟ್ ಇಂಡಿಯಾ ಕಂಪೆನಿಯವರು ಮಾಡಿಸಿದ ಈ ಪದಕದ ಅಚ್ಚನ್ನು ಕುಕ್ಲರ್ ಎಂಬ ಶಿಲ್ಪಿಯು ರೂಪಿಸಿದನು. ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಶಾಲೆಯಲ್ಲಿ ಅದು ಮುದ್ರಿತವಾಯಿತು. ಮುಂಭಾಗದಲ್ಲಿ ಸಿಂಹವು ಹುಲಿಯನ್ನು ಕೆಡಹಿ ಮೆಟ್ಟಿರುವುದು. ಮೇಲಿನ ಧ್ವಜದಲ್ಲಿ ಅರಬ್ಬೀ ಭಾಷೆಯಲ್ಲಿ ‘ಅಸದುಲ್ಲಾ ಅಲ್-ಗಾಲಿಬ್’, ಅಂದರೆ ‘ದೇವರ ಸಿಂಹವೇ ಜಯಶಾಲಿ’ ಎಂದಿದೆ. ಕೆಳಗೆ 1799ನೆಯ ಮೇ 4 ಎಂಬ ತೇದಿಯು ರೋಮನ್ ಅಂಕೆಗಳಲ್ಲಿದೆ. ಹಿಂಭಾಗದಲ್ಲಿ ಕೋಟೆಯ ಲಗ್ಗೆಯ ಚಿತ್ರ. ಅದರಡಿಯಲ್ಲಿ ದೇವರು ಶ್ರೀರಂಗಪಟ್ಟಣವನ್ನು ಕೊಟ್ಟನೆಂಬ ಪಾರಸೀ ಲೇಖ ಮತ್ತು ಹಿಜರೀ 1213ರ ತೇದಿ.

ಸಿಂಹವು ಆಂಗ್ಲರು, ಹುಲಿಯು ಟಿಪ್ಪೂ ಸುಲ್ತಾನನು ಎಂಬುದು ಚಿತ್ರದ ಪ್ರಕಟಾರ್ಥ. ಲೇಖವಾದರೋ ಹಜರತ್ ಅಲಿಯ ಪ್ರಸಿದ್ಧವಾದ ಬಿರುದು. ಅದರಲ್ಲಿ ವಿಶೇಷವೇನೆಂದು ಕೆಲವರು ಆಕ್ಷೇಪಿಸಬಹುದು. ಬಿರುದು ಅಲಿಯದೆಂಬುದು ನಿಜ. ಆದರೆ ಟಿಪ್ಪುವು ಅದೇ ವಾಕ್ಯದ ಅಕ್ಷರಗಳನ್ನು ಹುಲಿಯ ಮುಖದ ಆಕಾರದಲ್ಲಿ ಹೆಣೆಯಿಸಿ ತನ್ನ ಆಯುಧಗಳ ಮೇಲೆ ಧರಿಸಿದ್ದನು. ಅವನಲ್ಲಿ ಹುಲಿಯ ರೂಪವನ್ನು ತಳೆದಿದ್ದ ಮಾತೇ ಇಲ್ಲಿ ಹುಲಿಯನ್ನು ಮೆಟ್ಟಿದ ಸಿಂಹದ ಧ್ವಜವನ್ನೇರಿದೆ. ಇಷ್ಟೇ ಅಲ್ಲ: ಅವನ ಸರ್ಕಾರದ ಹೆಸರು ‘ಖುದಾದಾದ್’, ಎಂದರೆ ದೇವದತ್ತವಾದುದು. ಹಿಂಭಾಗದ ಲೇಖದಲ್ಲಿ ಆ ದೈವದತ್ತಿಯೂ ಗೆದ್ದವರ ಪಾಲಾಗಿರುವುದು. ರಾಜ್ಯದೊಡನೆ ಅದರ ಮಾತುಗಳೂ ಅಪಹೃತವಾದುವೆಂಬುದೇ ಇಲ್ಲಿಯ ಧ್ವನಿ. ಅರಬ್ಬೀ ಪಾರಸೀಗಳನ್ನು ಬರಿಯ ಅಲಂಕಾರವೆಂದೆಣಿಸುವ ಸಂಗ್ರಾಹಕನಿಗೆ ಇದು ಗೋಚರಿಸದು.

ಪ್ರಶಸ್ತಿಯಾಗಿ ಈ ಪದಕವು ಹೀಗೆ ಸಮರ್ಥವಾದುದಾದರೂ ಅದರಲ್ಲೊಂದು ನ್ಯೂನತೆಯುಂಟು. ಪಡೆದವರ ಅಂತಸ್ತಿಗೆ ತಕ್ಕಂತೆ ಚಿನ್ನ, ಗಿಲೀಟಿನ ಬೆಳ್ಳಿ, ಬೆಳ್ಳಿ, ಕಂಚು, ತವರ ಎಂದು ಲೋಹಗಳು ಬೇರೆಯಾದುವು. ಸಾಮಾನ್ಯ ಸಿಪಾಯಿಗೆ ದೊರೆತುದು ತವರ. ಪದಕಗಳನ್ನು ಕೊಡುವಾಗ ಪಡೆದವನ ಹೆಸರನ್ನು ಅವುಗಳ ಮೇಲೆ ಕೆತ್ತಿಸಲಿಲ್ಲ. ಅದೇ ಮಂಡ್ಯದ ಸೀಮೆಗೆ ಸೇರಿದ ಆತಕೂರಿನ ಹತ್ತನೆಯ ಶತಮಾನದ ಶಿಲಾಶಾಸನವನ್ನು ನೋಡಿರಿ: ತಕ್ಕೋಲದ ಕಾಳೆಗವನ್ನೂ, ಚೋಳ ರಾಜಾದಿತ್ಯನ ಮರಣವನ್ನೂ ಹೇಳುವ ಆ ಕಲ್ಲು ಮಣಲೆರನ ಬೇಟೆಯ ನಾಯಿ ಕಾಳಿಯು ಹಂದಿಯೊಡನೆ ಹೋರಾಡಿ ಸತ್ತುದನ್ನೂ ಹೆಸರು ಹಿಡಿದು ಹೇಳುವುದು. ನಮ್ಮ ನಾಡಿನಲ್ಲಿ ನಾಯಿಗೂ ಸಂದ ಈ ಮರ್ಯಾದೆಯು ಕೋಟೆಯನ್ನು ಹತ್ತಿದ ಸಿಪಾಯಿಗೆ ಆ ಪದಕದಲ್ಲಿ ಸಲ್ಲಲಿಲ್ಲ.

ಆದುದರಿಂದ ಬೆಲೆಯಲ್ಲಿ ಚಿನ್ನದ ಪದಕವು ಮೇಲಾದರೂ ಚರಿತ್ರೆಯ ದೃಷ್ಟಿಯಲ್ಲಿ ತವರದ್ದು ಹೆಚ್ಚಿನ ಆದರಕ್ಕೆ ಪಾತ್ರವಾಗಿದೆ. ಅಂತಹುದು ಕೈಗೆ ಬಂದವರು ಅದು ಯಾವ ಊರಿನ, ಯಾವ ಮನೆತನದಿಂದ ಬಂದಿತೆಂಬುದನ್ನು ವಿಚಾರಿಸಿ ಬರೆದಿಡುವುದು ಕರ್ತವ್ಯ. ಅಚ್ಚು ಹಾಕಿದವರು ಬಿಟ್ಟ ಹೆಸರನ್ನು ಸಂಗ್ರಾಹಕನಾದರೂ ಬಿಡಲಾಗದು.