ಇವೋ ಜಿಮಾದ ಜಮಾ-ಖರ್ಚು

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯವು 1945ರ ಫೆಬ್ರವರಿ 19ರಂದು ಜಪಾನಿನ ಇವೋ ಜಿಮಾ ದ್ವೀಪದ ಕಡಲತಡಿಯಲ್ಲಿ ಇಳಿಯಿತು. ಮಾರ್ಚ್ 26ರಂದು ಕಾಳಗ ಮುಗಿದಾಗ ಸುಮಾರು 6,800 ಅಮೆರಿಕನ್ನರು ಮಡಿದಿದ್ದರು. ಈ ಬೆಲೆ ತಕ್ಕುದೇ ಎಂಬ ಪ್ರಶ್ನೆಗೆ ದಶಕಗಳ ಕಾಲ ಒಂದೇ ಸಿದ್ಧ ಉತ್ತರವಿತ್ತು: ಆ ದ್ವೀಪದಲ್ಲಿ 2,251 ಬಿ-29 ಬಾಂಬರುಗಳು ತುರ್ತಾಗಿ ಇಳಿದವು, ವಿಮಾನಕ್ಕೆ 11 ಮಂದಿಯಂತೆ 24,761 ಜೀವಗಳು ಉಳಿದವು.

ಗುಣಾಕಾರ ಸರಿ, ಜಮಾ ಮಾಡಿದ ಬಾಬತ್ತು ಸರಿಯಲ್ಲ. ಇತಿಹಾಸಕಾರ ರಾಬರ್ಟ್ ಬರೆಲ್ 2004ರಲ್ಲಿ ತೋರಿಸಿದಂತೆ, ಅನೇಕ ವಿಮಾನಗಳು ಬರಿಯ ಇಂಧನಕ್ಕಾಗಿಯೋ ಚಿಕ್ಕಪುಟ್ಟ ದುರಸ್ತಿಗಾಗಿಯೋ ಇಳಿದಿದ್ದವು. ದ್ವೀಪವಿಲ್ಲದಿದ್ದರೆ ಅವೆಲ್ಲವೂ ಸಮುದ್ರಪಾಲಾಗಿ ಪ್ರತಿಯೊಬ್ಬನೂ ಸಾಯುತ್ತಿದ್ದನೆಂದು ಭಾವಿಸಿದರೆ ಮಾತ್ರ ಆ ಮೊತ್ತ ನಿಲ್ಲುತ್ತದೆ.

ದ್ವೀಪವನ್ನು ಗೆಲ್ಲುವ ಮೂಲ ಉದ್ದೇಶವೂ ಬೇರೆಯಾಗಿತ್ತು: ಬಾಂಬರುಗಳಿಗೆ ಬೆಂಗಾವಲಾಗುವ ಯುದ್ಧವಿಮಾನಗಳಿಗೊಂದು ನೆಲೆ. ಆದರೆ ಅದೇ ಮಾರ್ಚ್ ತಿಂಗಳಿನಿಂದ ದೊಡ್ಡ ದಾಳಿಗಳು ರಾತ್ರಿಯಲ್ಲಿ ನಡೆಯತೊಡಗಿ, ಬೆಂಗಾವಲಿನ ಅಗತ್ಯ ಕುಗ್ಗಿತು. ನಿರೀಕ್ಷಿಸಿದ ಲಾಭ ಕೈಗೂಡದಿದ್ದಾಗ ಬೇರೊಂದು ಲಾಭವನ್ನು ಖಾತೆಗೆ ಏರಿಸಲಾಯಿತು.

ದ್ವೀಪವನ್ನು ಕಾಯುತ್ತಿದ್ದ ಸುಮಾರು 21,000 ಜಪಾನೀಯರಲ್ಲಿ ಬಹುಪಾಲು ಮಂದಿ ಸತ್ತರು. ಉಳಿದುಬಂದ ಬಾಂಬರುಗಳು ಮತ್ತೆ ಜಪಾನಿನ ನಗರಗಳ ಮೇಲೆ ಬೆಂಕಿ ಸುರಿಸಿದವು. ಈ ಸಾವುಗಳಿಗೆ ಆ ಲೆಕ್ಕಪುಸ್ತಕದಲ್ಲಿ ಅಂಕಣವೇ ಇಲ್ಲ.

ಕೆಲವು ವೈಮಾನಿಕರ ಪ್ರಾಣವನ್ನು ಆ ದ್ವೀಪ ನಿಜವಾಗಿಯೂ ಉಳಿಸಿತೆಂಬುದನ್ನು ಅಲ್ಲಗಳೆಯಲಾಗದು. ಮಗನನ್ನು ಕಳೆದುಕೊಂಡ ತಾಯಿಗೆ ಸಮಾಧಾನ ಹೇಳುವ ಆಸೆಯೂ ಸಹಜವೇ. ಆದರೆ ಮಡಿದವರ ಗೌರವವು ಲಾಭದ ಮೊತ್ತವನ್ನು ಅವಲಂಬಿಸಿಲ್ಲ. ಉಬ್ಬಿಸಿದ ಜಮೆಯಿಂದ ಅವರಿಗೇನೂ ಸಲ್ಲುವುದಿಲ್ಲ. ಮುಂದಿನ ಯುದ್ಧವನ್ನು ಯೋಜಿಸುವವರಿಗೆ ಮಾತ್ರ ಅದು ಧೈರ್ಯ ಕೊಡುತ್ತದೆ.