ಗೋಡೆಯ ನಕಾಶೆ, ಕಾಲಡಿಯ ನೆಲ

'ಉತ್ತರ ದಿಕ್ಕು ಯಾವ ಕಡೆ?' ವಿಜಯಪುರ ನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ನಾವು ಹೀಗೆ ಕೇಳಿದಾಗ ಐದನೆಯ ತರಗತಿಯ ಹೆಚ್ಚಿನ ಮಕ್ಕಳು ಛಾವಣಿಯತ್ತ ಬೆರಳು ತೋರಿಸಿದರು. ತಪ್ಪು ಅವರದಲ್ಲ. ಗೋಡೆಯ ನಕಾಶೆಯಲ್ಲಿ ಉತ್ತರ ಮೇಲೆಯೇ ಇರುತ್ತದಲ್ಲ! ಅದೇ ಮಕ್ಕಳು ರಾಜ್ಯಗಳ ರಾಜಧಾನಿಗಳನ್ನು ಮಾತ್ರ ಪಟಪಟನೆ ಒಪ್ಪಿಸಿದರು.

ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಕೆಳಗಿನ ತರಗತಿಗಳಲ್ಲಿ ಭೂಗೋಳವನ್ನು ಪರಿಸರ ಅಧ್ಯಯನದೊಳಗೆ ಸೇರಿಸಿದ್ದರ ಉದ್ದೇಶವೂ ಒಳ್ಳೆಯದೇ. ಆದರೆ ಬೀದರಿನಿಂದ ಚಾಮರಾಜನಗರದವರೆಗೆ ಓದುವ ಪುಸ್ತಕದಲ್ಲಿ ನಮ್ಮ ಓಣಿ ಸಿಗಲಾರದು. ಆ ಜಾಗವನ್ನು ತುಂಬಬೇಕಾದವರು ಶಿಕ್ಷಕರು. ಪರೀಕ್ಷೆ ಕೇಳುವುದು ಪುಸ್ತಕದಲ್ಲಿ ಇರುವುದನ್ನು ಮಾತ್ರ. ಹಾಗಾಗಿ ಆ ಜಾಗ ಖಾಲಿಯೇ ಉಳಿಯುತ್ತದೆ.

ಇಲ್ಲಿ ಪಾಠೋಪಕರಣಗಳಿಗೆ ಬರವಿದೆಯೇ? ತೊರವಿಯಿಂದ ನಗರಕ್ಕೆ ನೆಲದಡಿಯ ಸುರಂಗದಲ್ಲಿ ನೀರು ತಂದ ಆದಿಲಶಾಹಿ ಕಾಲದ ಕರೇಜ್‌ಗಿಂತ ಇಳಿಜಾರನ್ನು ಚೆನ್ನಾಗಿ ಕಲಿಸುವ ಚಿತ್ರ ಯಾವುದಿದೆ? ಮಕ್ಕಳಿಗೆ ಗೋಳಗುಮ್ಮಟದ ಪ್ರತಿಧ್ವನಿ ಗೊತ್ತು, ತಾಜ್ ಬಾವಡಿಗೆ ನೀರು ಎಲ್ಲಿಂದ ಎಂಬುದು ಗೊತ್ತಿಲ್ಲ. ಟಿಕೋಟಾದ ಮಗು ದಿನವೂ ಒಣದ್ರಾಕ್ಷಿಯ ಶೆಡ್ ನೋಡುತ್ತದೆ. ಮುಂಗಾರು ಮೋಡ ಪಶ್ಚಿಮ ಘಟ್ಟದಲ್ಲೇ ಬಹುಪಾಲು ಸುರಿದು ಬರುವುದರಿಂದ ನಮಗೆ ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಒಣ ಹವೆ. ಮಳೆನೆರಳಿನ ಪಾಠ ಆ ಶೆಡ್ಡಿನಲ್ಲೇ ಇದೆ. ಬಬಲೇಶ್ವರದ ಮಗುವಿಗೆ ಏತ ನೀರಾವರಿಯ ಕಾಲುವೆ ಗೊತ್ತು. ಕೆಳಗಿರುವ ಕೃಷ್ಣೆಯ ನೀರನ್ನು ಮೇಲಕ್ಕೆ ಎತ್ತಬೇಕಾದದ್ದೇಕೆ ಎಂದು ಕೇಳುವವರಿಲ್ಲ.

ಸೂರ್ಯನೂ ಪಾಠ ಹೇಳಬಲ್ಲ. ಆಗಸ್ಟ್ ಮೊದಲ ವಾರದಲ್ಲಿ ಮೋಡವಿಲ್ಲದ ದಿನ, ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಅಂಗಳದಲ್ಲಿ ನೆಟ್ಟ ಕೋಲಿನ ನೆರಳು ಬುಡಕ್ಕೆ ಸರಿಯುತ್ತದೆ. ಹನ್ನೆರಡಕ್ಕೇ ಏಕಲ್ಲ ಎಂದು ಒಂದು ಮಗು ಕೇಳಿದರೆ ಸಾಕು, ರೇಖಾಂಶದ ಪಾಠ ಶುರುವಾಯಿತು. ಇದಕ್ಕೆ ಬೇಕಾದ ಖರ್ಚು ಒಂದು ಕೋಲು.

ಊರಷ್ಟೇ ಕಲಿಸಿದರೆ ಮಗು ಬಾವಿಯ ಕಪ್ಪೆಯಾಗದೇ ಎಂಬ ಆಕ್ಷೇಪವಿದೆ. ಅದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಅಂಗಳದ ನಕಾಶೆ ಬರೆದ ಮಗುವಿಗೆ ಮಾತ್ರ ಏಷ್ಯಾದ ನಕಾಶೆ ಅರ್ಥವಾದೀತು. ದುಡಿಮೆಗಾಗಿ ಮಹಾರಾಷ್ಟ್ರಕ್ಕೋ ಗೋವಾಕ್ಕೋ ಹೋಗುವ ತಂದೆತಾಯಿಯ ಜೊತೆ ತಿರುಗಿ ಬಂದ ಮಗುವಿಗೆ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಭೂಗೋಳ ಗೊತ್ತಿರುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಅದರ ಲೆಕ್ಕ ಬರೀ ಗೈರುಹಾಜರಿ.

'ಡೋಣಿ ಬೆಳೆದರೆ ಓಣಿಯೆಲ್ಲ ಕಾಳು' ಎನ್ನುತ್ತಿದ್ದರು ನಮ್ಮ ಹಿರಿಯರು. ಜತ್ತ ಸೀಮೆಯಲ್ಲಿ ಹುಟ್ಟಿ ನಮ್ಮ ಎರೆಹೊಲಗಳ ನಡುವೆ ಹರಿಯುವ ಆ ನದಿ, ಮಳೆ ಜೋರಾದರೆ ಹೊಲಗಳನ್ನೇ ನುಂಗುತ್ತದೆ. ಅದರ ದಾರಿಯನ್ನು ಬಾಲ್ಯದಲ್ಲೇ ಅರಿತವರು ನಾಳೆ ಅದರ ಪಾತ್ರವನ್ನು ಒತ್ತುವರಿ ಮಾಡಲು ಹಿಂಜರಿದಾರು. ಅಂಕಪಟ್ಟಿಗಷ್ಟೇ ಕಲಿತವರಿಂದ ಅದನ್ನು ನಿರೀಕ್ಷಿಸುವುದು ಹೇಗೆ?